ಮೆಟ್ಟಿಲ ಬುಡದಲ್ಲಿ ಪಂಕ್ತಿ ಹಾಕಿಸಿದವರು

ಸಂತಾಪ ಸಭೆಯನ್ನು ಕಾಲೇಜಿನವರು ಮೇಲಿನ ಮಹಡಿಯ ಹಾಲ್‌ನಲ್ಲಿ ಇಟ್ಟಿದ್ದರು. ಗೇಟಿನ ಪಕ್ಕ ಒಂದು ಫ್ಲೆಕ್ಸ್ ಕಟ್ಟಿದ್ದರು. ಅದರಲ್ಲಿ ಮೇಡಂ ಅವರ ಫೋಟೋ, ಕೆಳಗೆ ‘ಸೌಮ್ಯ ಸ್ವಭಾವದ ಮಿತಭಾಷಿ ಪ್ರಾಧ್ಯಾಪಕಿ’ ಎಂಬ ಸಾಲು. ಮತ್ತೆ ಮತ್ತೆ ಓದಿದೆ. ಫೋಟೋ ಅವರದೇ. ಕೆಳಗಿನ ಮಾತು ಮಾತ್ರ ಬೇರೆ ಯಾರದೋ.

ಅವರ ಹಳೆಯ ವಿದ್ಯಾರ್ಥಿನಿ ಎಂದು ನನ್ನನ್ನೂ ಮಾತಾಡಲು ಕರೆದಿದ್ದರು. ಬಳ್ಳಾರಿಯ ಸತ್ಯನಾರಾಯಣಪೇಟೆಯ ನನ್ನ ಈಗಿನ ಮನೆಯಿಂದ ಆಟೋದಲ್ಲಿ ಬರುವಾಗ ಹೇಳಬೇಕಾದ್ದನ್ನೆಲ್ಲ ಮನಸ್ಸಿನಲ್ಲಿ ಜೋಡಿಸಿಕೊಂಡಿದ್ದೆ. ಮೆಟ್ಟಿಲ ಹತ್ತಿರ ಬಂದಾಗ ತರಗತಿ ಬಿಟ್ಟು ಹುಡುಗರು ಇಳಿಯುತ್ತಿದ್ದರು, ಸಭೆಗೆ ಬಂದವರು ಹತ್ತುತ್ತಿದ್ದರು. ಹಿಂದಿನಿಂದ ಯಾರದೋ ಕೈ ನನ್ನ ಬೆನ್ನಿಗೆ ತಾಗಿತು. ಬರೀ ತಾಗಿತು, ನೂಕಲಿಲ್ಲ. ಆದರೂ ನನ್ನ ಕಾಲು ಮುಂದಿನ ಮೆಟ್ಟಿಲಿಗೆ ಏಳಲಿಲ್ಲ. ಗೋಡೆ ಹಿಡಿದು ಹೊರಗೆ ಬಂದು, ಬೇವಿನ ಗಿಡದ ಕೆಳಗೆ ಕೂತು, ಸ್ಪೀಕರಿನಲ್ಲಿ ಸಭೆ ಕೇಳಿದೆ. ‘ಅವರು ಯಾರಿಗೂ ಎದುರಾಡಿದವರಲ್ಲ’ ಎಂದು ಆಡಳಿತ ಮಂಡಳಿಯ ಹಿರಿಯರೊಬ್ಬರು ಹೇಳಿದರು. ಚಪ್ಪಾಳೆಯೂ ಬಿತ್ತು.

ಮೇಲೆ ಹೋಗಿ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತೇನೆ. ಮೇಡಂ ಎದುರಾಡಿದ್ದಾರೆ, ನನ್ನ ಕಣ್ಣೆದುರೇ. ಅವತ್ತು ಸೌಮ್ಯವಾಗಿದ್ದಿದ್ದರೆ ನಮ್ಮ ಅಮ್ಮಿ ಇವತ್ತು ಇರುತ್ತಿರಲಿಲ್ಲ. ಬಹುಶಃ ನಾನೂ ಇರುತ್ತಿರಲಿಲ್ಲ. ಮೇಡಂ ಅವರ ಹೆಸರು ಬರೆಯುವುದಿಲ್ಲ. “ನಾ ಸತ್ತ ಮ್ಯಾಲ ನನ್ನ ಹೆಸರಿಗೆ ಹೂವಿನ ಹಾರ ಹಾಕಿ ಕುಂದ್ರಿಸಬ್ಯಾಡ್ರಿ, ನನಗ ಸೀನು ಬರತಾವ” ಎನ್ನುತ್ತಿದ್ದರು.

ಕುರುಗೋಡಿನವರು. ದಿನವೂ ಬಸ್ಸಿನಲ್ಲಿ ಬಳ್ಳಾರಿಗೆ ಬಂದು ಹೋಗುತ್ತಿದ್ದರು. ಗಿಡ್ಡ ಆಳು. ದನಿ ಮಾತ್ರ ಹೊಲದ ಈ ಬದುವಿನಿಂದ ಆ ಬದುವಿಗೆ ಕೂಗಿ ಬೆಳೆದದ್ದು. ಬಿ.ಎ. ಕೊನೆಯ ವರ್ಷದಲ್ಲಿ ನಮಗೆ ಹಣಕಾಸು ಅರ್ಥಶಾಸ್ತ್ರ ಎಂಬ ಪತ್ರಿಕೆ ಇತ್ತು. ಅದನ್ನು ಇಷ್ಟಪಟ್ಟು ಆರಿಸಿಕೊಂಡವರು ನಮ್ಮಲ್ಲಿ ಯಾರೂ ಇರಲಿಲ್ಲ. ಮೊದಲ ದಿನವೇ ಒಬ್ಬೊಬ್ಬರನ್ನೂ ನಿಲ್ಲಿಸಿ ಕಾರಣ ಕೇಳಿದರು. ಒಬ್ಬ ದೇಶದ ಅಭಿವೃದ್ಧಿ ಎಂದ, ಇನ್ನೊಬ್ಬಳು ಜ್ಞಾನಾರ್ಜನೆ ಎಂದಳು. ರಾರಾವಿಯ ಹುಡುಗನೊಬ್ಬ ತಲೆ ಕೆರೆದುಕೊಂಡು, “ಬ್ಯಾರೆದ್ರಾಗ ಸೀಟು ತುಂಬಿದ್ವು ಮೇಡಂ” ಎಂದ.

“ನೀ ಮುಂದಿನ ಬೆಂಚಿಗೆ ಬಾ” ಎಂದರು ಮೇಡಂ. “ಈ ಪೇಪರಿಗೆ ಬೇಕಾದ್ದು ಅದೊಂದೇ. ಇದ್ದದ್ದು ಇದ್ದಂಗ ಹೇಳೋದು.”

ಯಾವ ಪಾಠವಾದರೂ ಒಂದೇ ಪ್ರಶ್ನೆಗೆ ಬಂದು ನಿಲ್ಲುತ್ತಿತ್ತು: “ಅಪಾಯ ಎಲ್ಲಿ ಕುಂತೈತಿ?” ಷೇರು ಇರಲಿ, ಸಾಲಪತ್ರ ಇರಲಿ, ವಿಮೆ ಇರಲಿ, ಬೋರ್ಡಿನ ಮೇಲೆ ಚಿತ್ರ ಬರೆದು ಸೀಮೆಸುಣ್ಣ ನಮ್ಮ ಕೈಗೆ ಕೊಡುತ್ತಿದ್ದರು. “ಲಾಭ ಎಲ್ಲೈತಿ ಅಂತ ಹೇಳಾಕ ಪ್ಯಾಟ್ಯಾಗ ಸಾವಿರ ಮಂದಿ ಅದಾರ. ನೀ ಅಪಾಯ ತೋರಸು. ಯಾರ ತಲಿ ಮ್ಯಾಲ ಕುಂತೈತಿ ಅದು?” ತೋರಿಸುವವರೆಗೂ ಕೂರಲು ಬಿಡುತ್ತಿರಲಿಲ್ಲ.

ನಾಳಿನ ಹಣಕ್ಕೆ ಇವತ್ತಿನ ಬೆಲೆ ಕಟ್ಟುವ ಪಾಠವನ್ನು ನಾವು ಕಲಿತದ್ದು ಹೀಗೆ. ರಾರಾವಿಯ ಅದೇ ಹುಡುಗ ಅಸೈನ್‌ಮೆಂಟ್ ತಂದಿರಲಿಲ್ಲ. “ನಾಳಿ ಕೊಡ್ತೀನ್ರಿ ಮೇಡಂ.”

“ಕೊಡು. ನಾಳಿಂದಕ್ಕ ಇವತ್ತು ಬೆಲಿ ಅರ್ಧ. ನಾಡಿದ್ದಿಂದಕ್ಕ ಅದರ ಅರ್ಧ.”

“ಮೇಡಂ, ಮುಂದಿನ ವರ್ಷ ಕೊಟ್ರ?”

“ಆವಾಗ ನೀನೇ ನನಗ ಮಾರ್ಕು ಕೊಡಬೇಕಾಗತೈತಿ.”

ವಾಣಿಜ್ಯ ವಿಭಾಗದ ಒಬ್ಬ ಮೇಷ್ಟ್ರಿಗೆ ಈ ಪತ್ರಿಕೆಯೇ ದಂಡ ಅನಿಸಿತ್ತು. ನಾವು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಿದ್ದಾಗಲೇ ಕೆಣಕಿದರು. “ಏನ್ರೀ ಕುರುಗೋಡಮ್ಮಾರ, ಈ ಸಿರುಗುಪ್ಪಿ ಹುಡುಗರಿಗೆ ಹಣಕಾಸು ಮಾರುಕಟ್ಟೆ ಎದಕ್ಕ? ಬ್ಯಾಂಕಿನ ಚಲನ್ ತುಂಬಾಕ ಬಂದ್ರ ಸಾಕಲ್ಲ.”

ಮೇಡಂ ಮಿರ್ಚಿ ತಿನ್ನುತ್ತಿದ್ದರು. ಮಧ್ಯಾಹ್ನಕ್ಕೆ ಮಂಡಾಳು ಒಗ್ಗರಣಿ ಎಂಬ ಮಂಡಕ್ಕಿ ತಿಂಡಿ, ಮಿರ್ಚಿ ಇಲ್ಲದೆ ಅವರ ತರಗತಿ ಶುರುವಾಗುತ್ತಿರಲಿಲ್ಲ. ಬಾಯಲ್ಲಿದ್ದದ್ದನ್ನು ನುಂಗಿ, “ಚಲನ್ ತುಂಬೋರಿಗೇ ಸರ್ ಇದು ಬೇಕಾಗಿದ್ದು” ಎಂದರು. “ನುಂಗೋರಿಗೆ ಹೇಳಿಕೊಡೋದು ಏನೈತಿ, ಅವರಿಗೆ ಬಾಯಿಪಾಠ ಐತಿ.” ಮಿತಭಾಷಿಯಂತೆ!

ಪಂಕ್ತಿಯ ಪಾಠವನ್ನು ಹೇಳಿಯೇ ಮುಂದೆ ಹೋಗಬೇಕು. ಬ್ಯಾಂಕುಗಳು ಹೇಗೆ ಮುಳುಗುತ್ತವೆ ಎಂಬ ಅಧ್ಯಾಯ. ಪುಸ್ತಕದಲ್ಲಿ ಸಮೀಕರಣಗಳಿದ್ದವು. ಮೇಡಂ ಪುಸ್ತಕ ಮುಚ್ಚಿ, “ಲಗ್ನದ ಊಟಕ್ಕ ಹೋಗೀರಿಲ್ಲ?” ಎಂದರು.

“ಹೋಗೀವ್ರಿ!” ಅದೊಂದಕ್ಕೆ ಇಡೀ ತರಗತಿ ದನಿ ಎತ್ತಿತು.

“ಹಂಡೆದಾಗಿನ ಅನ್ನ ಒಮ್ಮಿಗೇ ಎಲ್ಲರಿಗೂ ಸಾಲಂಗಿಲ್ಲ. ಇನ್ನೊಂದು ಹಂಡೆ ಒಲಿ ಮ್ಯಾಲ ಬೇಯಾಕ ಹತ್ತಿರತೈತಿ. ಪಂಕ್ತಿ ಕುಂತ್ರ, ಬಡಸ್ತಾ ಬಂದ್ರ, ಎಲ್ಲರಿಗೂ ಮುಟ್ಟತೈತಿ. ನಡುವ ಒಬ್ಬಾವ ಎದ್ದು ಹಂಡೆ ಕಡಿಗೆ ಓಡಿದ ಅನ್ನು. ನೀ ಏನು ಮಾಡ್ತಿ?”

“ನಾನೂ ಓಡ್ತೀನ್ರಿ.”

“ಯಾಕ, ಹಸಿವಿ ಜಾಸ್ತಿ ಆತೇನು?”

“ಇಲ್ರಿ. ಅವ ಓಡಿದ್ನಲ್ರಿ.”

“ಅಷ್ಟೇ ನೋಡು ಈ ಅಧ್ಯಾಯ. ಉಳಿದದ್ದು ಗಣಿತ.” ಇನ್ನೊಂದು ಮಾತು ಸೇರಿಸಿದರು. “ಆದ್ರ ಒಲಿ ಮ್ಯಾಲ ಹಂಡೆ ಐತೋ ಇಲ್ಲೋ ನೋಡಬೇಕು. ಖಾಲಿ ಒಲಿ ಮುಂದ ಮಂದೀನ್ನ ಪಂಕ್ತಿ ಕುಂದ್ರಿಸಿದ್ರ ಅದು ಮೋಸ.”

ಇನ್ನೊಂದು ಪದ್ಧತಿ ಅವರದೇ. ಅದಕ್ಕೆ ನಾವು ಮನಿ ಪರೀಕ್ಷೆ ಎನ್ನುತ್ತಿದ್ದೆವು. ಕೊನೆಯ ವರ್ಷದ ಪ್ರತಿಯೊಬ್ಬರೂ ಒಂದು ಪಾಠವನ್ನು ಮನೆಯಲ್ಲಿ, ಮನೆಯವರಿಗೆ, ಮನೆ ಮಾತಿನಲ್ಲಿ ಹೇಳಬೇಕು. ಮೇಡಂ ಬಂದು ಮೂಲೆಯಲ್ಲಿ ಕೂತು ಚಹಾ ಕುಡಿಯುತ್ತಾರೆ, ಬಾಯಿ ತೆರೆಯುವುದಿಲ್ಲ. ಮನೆಯವರು ಪ್ರಶ್ನೆ ಕೇಳಿದರೆ ಪಾಸ್. ಬರೀ ತಲೆ ಆಡಿಸಿದರೆ ಫೇಲ್. “ತಿಳಿಯದಿದ್ದವರು ತಲಿ ಆಡಸ್ತಾರ. ತಿಳದವರು ತಿರುಗಿ ಕೇಳ್ತಾರ.”

ಸಿರುಗುಪ್ಪದ ನಮ್ಮ ಮನೆಗೆ ಅವರು ಬಂದದ್ದು ಅಮಾವಾಸ್ಯೆಯ ದಿನ ಬೆಳಗ್ಗೆ. ಅಮ್ಮಿ ಹೊಲಿಗೆ ಮಷೀನಿನ ಮುಂದೆ ಕೂತಿದ್ದಳು. ಜಂಪರು, ಲಂಗ ಹೊಲಿದು ಉಳಿಸಿದ್ದನ್ನೆಲ್ಲ ಅವಳು ಬಜಾರಿನ ಒಂದು ಸಹಕಾರ ಸಂಘದಲ್ಲಿ ಇಡುತ್ತಿದ್ದಳು. ಅದಕ್ಕೇ ನಾನು ಆರಿಸಿಕೊಂಡ ಪಾಠ, ನೀನು ಇಟ್ಟ ಹಣ ಎಲ್ಲಿ ಹೋಗುತ್ತದೆ ಎಂಬುದು. ಸಂಘ ಅದನ್ನು ಪೆಟ್ಟಿಗೆಯಲ್ಲಿ ಇಟ್ಟುಕೊಂಡಿರುವುದಿಲ್ಲ, ಬೇರೆಯವರಿಗೆ ಸಾಲ ಕೊಟ್ಟಿರುತ್ತದೆ, ಅವರು ಕಟ್ಟುವ ಬಡ್ಡಿಯಲ್ಲೇ ನಿನಗೆ ಬಡ್ಡಿ ಬರುತ್ತದೆ ಎಂದು ವಿವರಿಸಿದೆ. ಅಮ್ಮಿಯ ಕಾಲು ಪೆಡಲಿನ ಮೇಲೆ ನಿಂತಿತು.

“ಹಂಗಾದ್ರ ನನ್ನ ರೊಕ್ಕ ಅಲ್ಲಿ ಇಲ್ಲಾ?”

ಪ್ರಶ್ನೆ ಬಂತು! ಪಾಸಾದೆ ಎಂದು ನಾನು ಮೇಡಂ ಕಡೆ ನೋಡಿದೆ. ಅವರೂ ಹುಬ್ಬು ಏರಿಸಿ ನಕ್ಕರು. ಅಷ್ಟರಲ್ಲಿ ಪಕ್ಕದ ಮನೆಯ ಈರಮ್ಮ ಮೊಬೈಲು ಹಿಡಿದುಕೊಂಡು ಒಳಗೆ ನುಗ್ಗಿ ಅಮ್ಮಿಯನ್ನು ಕೂಗಿದಳು. “ಏ ಬೂಬಮ್ಮಾ, ಸಂಘ ಬಾಗಿಲ ಹಾಕಿತಂತ! ಒಳಗ ಕಾಗದ ಸುಡಾಕ ಹತ್ಯಾರಂತ, ಹೊಗಿ ನೋಡು!”

ವಿಡಿಯೋದಲ್ಲಿ ಅರ್ಧ ಇಳಿಸಿದ ಬಾಗಿಲು, ಕೆಳಗಿನಿಂದ ದಟ್ಟ ಹೊಗೆ. ಅದು ಅಮಾವಾಸ್ಯೆ ಪೂಜೆಯ ಧೂಪ. ಬಜಾರಿನ ಎಲ್ಲ ಅಂಗಡಿಗಳಲ್ಲೂ ಅವತ್ತು ಅರ್ಧ ಬಾಗಿಲು ಎಳೆದು ಧೂಪ ಹಾಕುತ್ತಾರೆ, ಆಮೇಲೆ ಕುಂಬಳಕಾಯಿ ಒಡೆಯುತ್ತಾರೆ. ಇದು ಸಿರುಗುಪ್ಪದ ಕೂಸಿಗೂ ಗೊತ್ತು. ಆದರೆ ಮೊಬೈಲಿನಲ್ಲಿ ನೋಡುವಾಗ ಗೊತ್ತಿದ್ದದ್ದೂ ಮರೆತುಹೋಗುತ್ತದೆ.

“ಪೂಜೆ ಹೊಗಿ ಇರಬೇಕು ಅಮ್ಮಿ” ಎಂದೆ.

“ಪೆಟ್ಟಿಗ್ಯಾಗ ಇಲ್ಲ ಅಂತ ಈಗ ನೀನೇ ಹೇಳಿದಿ!” ಎಂದವಳೇ ಪಾಸ್‌ಬುಕ್ ಸೆರಗಿಗೆ ಸಿಕ್ಕಿಸಿಕೊಂಡು ಈರಮ್ಮನ ಹಿಂದೆ ಓಡಿದಳು.

ಮೇಡಂ ಚಹಾದ ಲೋಟ ಕೆಳಗಿಟ್ಟರು. ಮುಖದಲ್ಲಿ ನಗು ಇರಲಿಲ್ಲ. “ಅರ್ಧ ಪಾಠ ಕೆಟ್ಟದ್ದು. ಹೇಳಿಸಿದಾಕಿ ನಾನು. ನಡಿ, ಉಳಿದರ್ಧ ಅಲ್ಲೇ ಹೇಳಬೇಕು.”

ಸಂಘ ಇದ್ದದ್ದು ಗೊಬ್ಬರದ ಅಂಗಡಿಯ ಮೇಲೆ. ಎರಡು ಗೋಡೆಗಳ ನಡುವೆ ಕಡಿದಾದ ಮೆಟ್ಟಿಲು, ತುದಿಯಲ್ಲಿ ಕಬ್ಬಿಣದ ಗೇಟು. ಜನ ಏರಿಬರುವುದನ್ನು ಕಂಡು ಹೆದರಿದ ಗುಮಾಸ್ತರು ಆ ಗೇಟಿಗೆ ಬೀಗ ಹಾಕಿಬಿಟ್ಟಿದ್ದರು. ರಸ್ತೆಯಿಂದ ನಮಗೆ ಮುಚ್ಚಿದ ಗೇಟು ಕಂಡಿತು, ಕೆಳಗೆ ಒತ್ತಿ ನಿಂತವರಿಗೆ ಅದು ಗೊತ್ತಿಲ್ಲ. ಅವರು ನೂಕುತ್ತಲೇ ಇದ್ದರು. ಅಮ್ಮಿಯ ಹಸಿರು ಸೆರಗು ಮೇಲೆ, ಗೇಟಿನ ಹತ್ತಿರ ಕಂಡಿತು. ನಾನು ಮೇಡಂ ಕೈ ಬಿಡಿಸಿಕೊಂಡು ಒಳಗೆ ನುಗ್ಗಿದೆ.

ಇಲ್ಲಿಂದ ಮುಂದಿನದು ಈಗಲೂ ಸರಿಯಾದ ಕ್ರಮದಲ್ಲಿ ನೆನಪಾಗುವುದಿಲ್ಲ. ಬಸ್ಸಿನ ಫುಟ್‌ಬೋರ್ಡಿನಲ್ಲಿ, ಲಿಫ್ಟಿನಲ್ಲಿ, ಯಾರಾದರೂ ಹಿಂದೆ ಒತ್ತಿ ನಿಂತಾಗ, ತುಂಡು ತುಂಡಾಗಿ ಮರಳಿ ಬರುತ್ತದೆ. ಮೊದಲು ನನ್ನ ತೋಳುಗಳು ಎದೆಗೆ ಅಂಟಿಕೊಂಡವು. ಆಮೇಲೆ ಕಾಲಿಗೆ ಮೆಟ್ಟಿಲು ಸಿಗಲಿಲ್ಲ, ಜನರ ನಡುವೆಯೇ ಎತ್ತಿ ಹಿಡಿದ ಹಾಗಿದ್ದೆ. ಉಸಿರು ಹೊರಗೆ ಹೋಗುತ್ತಿತ್ತು, ಒಳಗೆ ಬರುತ್ತಿರಲಿಲ್ಲ. ಒಬ್ಬರ ಬೆವರಿದ ಕತ್ತು ನನ್ನ ಮೂಗಿಗೆ ಒತ್ತಿಕೊಂಡಿತ್ತು. ಮೇಲಿನಿಂದ ಅಮ್ಮಿ ನನ್ನ ಹೆಸರು ಕೂಗಿದಳು, ನನಗೆ ಓಗೊಡಲು ಗಾಳಿ ಇರಲಿಲ್ಲ. ಎರಡನೇ ಸಲ ಅವಳ ದನಿ ಸಣ್ಣದಾಯಿತು. ಮೂರನೇ ಸಲ ಕೇಳಿಸಲಿಲ್ಲ. ಆ ಕೇಳಿಸದ ಮೂರನೇ ಸಲವೇ ನನಗೆ ಈಗಲೂ ಹೆಚ್ಚು ಕೇಳಿಸುವುದು.

ಆಗ ಕೆಳಗಿನಿಂದ, ಬೀದಿಯಿಂದ, ಆ ದನಿ ಬಂತು.

“ಪಂಕ್ತಿ ಕುಂದರ್ರೀ...! ಪಂಕ್ತೀ...!”

ಊಟದ ಮನೆಯ ಕೂಗು. ಎಳೆ ವಯಸ್ಸಿನಿಂದ ಕೇಳಿ ಕೇಳಿ ಮೈಯೇ ಕಲಿತಿರುವ ಕೂಗು. ನಮ್ಮ ಸುತ್ತ ಒಂದು ಕ್ಷಣ ಗದ್ದಲವೇ ತಡವರಿಸಿತು.

ಕೆಳಗೆ ನಡೆದದ್ದನ್ನು ನನಗೆ ಆಮೇಲೆ ಅಲ್ಲಿದ್ದವರು ಹೇಳಿದರು. ಮೇಡಂ ಮೆಟ್ಟಿಲು ಹತ್ತಲು ನೋಡಲೇ ಇಲ್ಲವಂತೆ. ಸಾಯುತ್ತಿದ್ದವರು ಮೇಲಿದ್ದರು, ಕೊಲ್ಲುತ್ತಿದ್ದ ಒತ್ತಡ ಕೆಳಗಿತ್ತು. ಅವರು ಕೆಳಗೇ, ಮೆಟ್ಟಿಲ ಬುಡದಲ್ಲಿ, ಜನರ ಕಾಲ ನಡುವೆ ರಸ್ತೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟರಂತೆ. ಪಕ್ಕದಲ್ಲಿದ್ದ ಒಬ್ಬ ಮುದುಕರ ಧೋತರ ಹಿಡಿದು ಜಗ್ಗಿ, “ಅಜ್ಜಾರ, ಕುಂದರ್ರಿ, ನಿಮ್ದೇ ಮೊದಲನೇ ಪಂಕ್ತಿ” ಎಂದರಂತೆ. ಅಜ್ಜ ಕೂತರು. ಮೊದಲ ಪಂಕ್ತಿ ಎಂದರೆ ಬೇಡ ಎನ್ನುವವರು ಯಾರು?

“ಊಟಕ್ಕ ಬಂದೀವೇನು ಇಲ್ಲಿ? ಏಳ್ರಿ ಮ್ಯಾಲಕ್ಕ!” ಎಂದು ಯಾರೋ ಬೈದ.

“ಊಟಕ್ಕ ಹೋಗಿ ಹಿಂಗ ನೂಕ್ಯಾಡಿದ್ರ ನಿಮ್ಮ ಬೀಗರು ಒಳಗ ಬಿಟ್ಕೊಂತಿದ್ರೇನು? ಕುಂದರು!” ಎಂದರು ಮೇಡಂ. “ಮ್ಯಾಲ ಗೇಟಿಗೆ ಬೀಗ ಐತಿ. ನೀ ನೂಕಿದ್ರ ನಿನ್ನ ರೊಕ್ಕ ಬರಂಗಿಲ್ಲ, ಯಾರದರ ಹೆಣ ಬರತೈತಿ.”

ಗೊಬ್ಬರದ ಅಂಗಡಿಯ ಸಾಹುಕಾರರು ತಾವೂ ಕೂತು, “ಊಟದ ದಸ್ತರಖಾನ್ ಹಾಸೈತಿ ಅನ್ಕೊಳ್ರಿ ಭಾಯ್, ಕುಂದರ್ರಿ” ಎಂದು ಕೂಗತೊಡಗಿದರು. ಒಂದು ಸಾಲು ಆಯಿತು, ಅದರ ಹಿಂದೆ ಇನ್ನೊಂದು. ಕೂತವನಿಂದ ನೂಕಲು ಆಗುವುದಿಲ್ಲ. ಕೂತವರನ್ನು ತುಳಿದು ಹೋಗಲು ನಮ್ಮ ಕಡೆಯವರಿಗೆ ಮನಸ್ಸು ಬರುವುದಿಲ್ಲ. ಒಬ್ಬನಿಗೆ ಮಾತ್ರ ಬಂತು. ಅವನ ಬೂಟಿನ ಕೆಳಗೆ ಮೇಡಂ ಅವರ ಬಲಗೈ ಮಣಿಕಟ್ಟು ಸಿಕ್ಕಿ ಮುರಿಯಿತು. ಅವರು ಏಳಲಿಲ್ಲ. ತಾವು ಎದ್ದರೆ ಎಲ್ಲರೂ ಏಳುತ್ತಾರೆ ಎಂದು ಅವರಿಗೆ ಗೊತ್ತಿತ್ತು, ಅವರದೇ ಪಾಠ. ಕೂತಲ್ಲೇ ಕೂಗುತ್ತಿದ್ದರು.

ನನಗೆ ತಿಳಿದದ್ದು ಇಷ್ಟೇ. ನನ್ನ ಕಾಲಿಗೆ ಮತ್ತೆ ಮೆಟ್ಟಿಲು ಸಿಕ್ಕಿತು. ಉಸಿರು ಒಳಗೆ ಬಂತು, ಚೂರಿಯ ಹಾಗೆ. ಬುಡದಿಂದ ಮೇಲಿನವರೆಗೆ ಮೆಟ್ಟಿಲು ಸಡಿಲವಾಗುತ್ತ ಬಂತು. ಅಮ್ಮಿಯನ್ನು ಈರಮ್ಮ ಎತ್ತಿಕೊಂಡಂತೆ ಇಳಿಸಿದಳು. ಗೇಟಿನ ಸರಳಿನ ಗುರುತು ಅವಳ ಕೆನ್ನೆಯ ಮೇಲೆ ಮೂಡಿತ್ತು.

ಆಮೇಲೆ ಗೇಟು ತೆರೆದು ಸಂಘದ ಕಾರ್ಯದರ್ಶಿ ಬೆವರುತ್ತ ಇಳಿದು ಬಂದ. “ಮೇಡಂ, ನಿಮ್ಮ ಮಾತು ಕೇಳ್ತಾರ. ಸಂಘ ಗಟ್ಟಿ ಐತಿ ಅಂತ ಒಂದು ಮಾತು ಹೇಳಿಬಿಡ್ರಿ.”

“ಗಟ್ಟಿ ಐತೋ ಇಲ್ಲೋ ನನಗೇನು ಗೊತ್ತು? ಗೊತ್ತಿಲ್ಲದ್ದನ್ನ ಹೇಳಾಕ ಬರಂಗಿಲ್ಲ” ಎಂದರು ಮೇಡಂ, ಮುರಿದ ಕೈ ಮಡಿಲಲ್ಲಿಟ್ಟುಕೊಂಡು. “ನಿಮ್ಮ ಆಸ್ತಿ, ಹೊಣೆ, ಎರಡೂ ಲೆಕ್ಕ ತರ್ರಿ. ಇಲ್ಲೇ ಓದ್ತೀನಿ. ಒಲಿ ಮ್ಯಾಲ ಹಂಡೆ ಐತೇನು ಅವರೇ ನೋಡ್ಲಿ.”

ಓದಿದರು. ಕೈಯಲ್ಲಿ ಎಷ್ಟಿದೆ, ಸಾಲ ಕೊಟ್ಟದ್ದು ಎಷ್ಟು, ಅದರಲ್ಲಿ ಬರುವುದು ಎಷ್ಟು, ಬರದೇ ಹೋಗಬಹುದಾದ್ದು ಎಷ್ಟು, ಎಲ್ಲವನ್ನೂ ರಸ್ತೆಯ ಮೇಲೆ ಕೂತವರಿಗೆ ಮನೆ ಮಾತಿನಲ್ಲಿ ಹೇಳಿದರು. ಬರದೇ ಹೋಗಬಹುದಾದ ಸಾಲದ ಮಾತು ಬಂದಾಗ ಕಾರ್ಯದರ್ಶಿ ಕೆಮ್ಮಿದ. “ಕೆಮ್ಮು ಬಂದ್ರ ನೀರು ಕುಡೀರಿ” ಎಂದು ಮುಂದುವರಿಸಿದರು. ಕೊನೆಗೆ, “ಬೇಕು ಅಂದವರಿಗೆ ಪಂಕ್ತಿ ಪ್ರಕಾರ ಕೊಡ್ರಿ. ಬೇಡ ಅಂದವರು ಮನಿಗೆ ಹೋಗ್ರಿ. ಇದು ನಿಮ್ಮ ನಿಮ್ಮ ಮನಸ್ಸು, ನಾ ಹೇಳೋ ಮಾತಲ್ಲ” ಎಂದರು. ಕೆಲವರು ತೆಗೆದುಕೊಂಡರು. ಬಹಳ ಜನ ಎದ್ದು ಹೋದರು. ಅಮ್ಮಿ ಅರ್ಧ ತೆಗೆದುಕೊಂಡಳು. ಸಂಘ ಮುಳುಗಲಿಲ್ಲ, ಇಂದಿಗೂ ನಡೆಯುತ್ತಿದೆ. ಈಗ ಅಮಾವಾಸ್ಯೆಗೆ ಪೂರ್ತಿ ಬಾಗಿಲು ತೆರೆದೇ ಧೂಪ ಹಾಕುತ್ತಾರೆ.

ಮೇಡಂ ಅವರಿಗೆ ಹಾರ ಬಂತು ಎಂದುಕೊಂಡಿರಾ? ದೂರು ಬಂತು. ರಸ್ತೆ ತಡೆದರು, ಜನರನ್ನು ಕೆರಳಿಸಿದರು, ಸಂಘದ ಲೆಕ್ಕವನ್ನು ಬೀದಿಗೆ ತಂದರು ಎಂದು ಸಂಘದ ನಿರ್ದೇಶಕರು ಕಾಲೇಜಿಗೆ ಬರೆದರು. ನಿರ್ದೇಶಕರಿಗೂ ನಮ್ಮ ಆಡಳಿತ ಮಂಡಳಿಗೂ ನೆಂಟಸ್ತನ ಇತ್ತು. ಕ್ಷಮಾಪಣೆ ಬರೆದುಕೊಟ್ಟರೆ ಇಲ್ಲಿಗೇ ಬಿಡುತ್ತೇವೆ ಎಂದರು.

“ಬಲಗೈ ಪ್ಲಾಸ್ಟರಿನಾಗ ಐತಿ” ಎಂದರಂತೆ ಮೇಡಂ. “ಎಡಗೈಯಾಗ ಕ್ಷಮಾ ಕೇಳಬಾರದು, ಅಪಶಕುನ. ಕೈ ನೆಟ್ಟಗಾದ ಮ್ಯಾಲೂ ಕೇಳಂಗಿಲ್ಲ. ಕುಂದರ್ರಿ ಅಂದದ್ದು ತಪ್ಪಲ್ಲ.” ಎಡಗೈಯಲ್ಲೇ ಬೋರ್ಡಿನ ಮೇಲೆ ಬರೆದು ಪಾಠ ಮಾಡುತ್ತಿದ್ದರು. “ಅಕ್ಷರ ಸೊಟ್ಟ ಅದಾವ, ಲೆಕ್ಕ ನೆಟ್ಟಗ ಐತಿ, ಬರ್ಕೊಳ್ರಿ.”

ವಿಚಾರಣೆ ಇಟ್ಟರು, ಸಾಕ್ಷಿಗೆ ನನ್ನನ್ನು ಕರೆದರು. ಮೇಡಂ ಜನರನ್ನು ಕೆರಳಿಸಿದ್ದು ನಿಜ ಎಂದು ಹೇಳಿದರೆ ನಿನ್ನ ಓದಿಗೆ ತೊಂದರೆ ಆಗುವುದಿಲ್ಲ ಎಂದು ವಾಣಿಜ್ಯ ವಿಭಾಗದ ಮೇಷ್ಟ್ರು ಮೊದಲೇ ತಿಳಿಸಿದ್ದರು. ಹಿಂದಿನ ದಿನ ಕಾರಿಡಾರಿನಲ್ಲಿ ಮೇಡಂ ನನ್ನನ್ನು ತಡೆದರು.

“ಹೆದರಿಕಿ ಐತೇನು?”

“ಐತ್ರಿ ಮೇಡಂ.”

“ಇರ್ಲಿ. ಅದನ್ನೂ ಹೇಳು. ಹೆದರಿಕಿ ಬಿಟ್ಟು ಹೇಳಿದ್ರ ಅರ್ಧ ಪಾಠ ಆಗತೈತಿ.”

ಮರುದಿನ ವಿಚಾರಣೆಯ ಕೋಣೆಗೆ ಹೋಗಿ ನಿಂತೆ. ಆಡಳಿತ ಮಂಡಳಿಯ ಹಿರಿಯರು, ಪ್ರಾಂಶುಪಾಲರು, ಮೇಷ್ಟ್ರು ಮೇಜಿನ ಆಚೆ ಕೂತಿದ್ದರು. “ರಸ್ತೆಯ ಮೇಲೆ ಕೂರಲು ಹೇಳಿದ್ದು ನಿಜವೇ?” ಎಂದರು.

“ನಿಜ ಸರ್. ನನಗ ಉಸಿರು ಬಂದದ್ದು ಅದರಿಂದನ.”

“ಕೇಳಿದ್ದಕ್ಕಷ್ಟೇ ಉತ್ತರ ಹೇಳು.”

“ಅಷ್ಟೇ ಹೇಳಾಕ ಹತ್ತೀನಿ ಸರ್.”

ಆಗ ಹೊರಗೆ ಸದ್ದಾಯಿತು. “ಏನ್ರಮ್ಮಾ ಇದು, ಸಂತಿ ಹಚ್ಚೀರೇನು? ಏಳ್ರಿ!” ಎಂದು ಜವಾನ ಗದರುತ್ತಿದ್ದ. ಅದಕ್ಕೆ ಉತ್ತರ ಕೊಟ್ಟ ದನಿ ಅಮ್ಮಿಯದು.

“ಪಂಕ್ತಿ ಕುಂತೀವಪ್ಪಾ. ಬಡಸೋತನಕ ಏಳಂಗಿಲ್ಲ.”

ಬಾಗಿಲು ತೆರೆದು ನೋಡಿದೆವು. ಅಮ್ಮಿ, ಈರಮ್ಮ, ನಮ್ಮ ಓಣಿಯ ಹೆಂಗಸರು, ಮೊದಲ ಪಂಕ್ತಿಯ ಆ ಅಜ್ಜ, ಎಲ್ಲರೂ ಬೆಳಗಿನ ಬಸ್ಸಿಗೆ ಬಂದು, ಕಾರಿಡಾರಿನ ಎರಡೂ ಗೋಡೆಗೆ ಬೆನ್ನು ಕೊಟ್ಟು, ಎದುರು ಬದುರು, ನಡುವೆ ಬಡಿಸಲು ದಾರಿ ಬಿಟ್ಟಂತೆ ಕೂತಿದ್ದರು. ಬಾಗಿಲಿಗೆ ಅಡ್ಡ ಅಮ್ಮಿ. ನನಗೆ ಒಂದು ಮಾತೂ ಹೇಳಿರಲಿಲ್ಲ.

“ಏನು ಬೇಕಮ್ಮ ನಿಮಗೆ?” ಎಂದರು ಪ್ರಾಂಶುಪಾಲರು.

“ಅವತ್ತು ಕುಂತವರು ನಾವ್ರಿ. ಎಬ್ಬಸೋದಿದ್ರ ನಮ್ಮನ್ನ ಎಬ್ಬಸ್ರಿ. ಆ ಅಮ್ಮನ್ನ ಯಾಕ ಕಾಡ್ತೀರಿ?”

ತರಗತಿ ಮುಗಿಸಿ ಮೇಡಂ ಅಲ್ಲಿಗೆ ಬಂದರು. ಪ್ಲಾಸ್ಟರಿನ ಕೈ, ಇನ್ನೊಂದು ಕೈಯಲ್ಲಿ ಸೀಮೆಸುಣ್ಣ. ಸಾಲನ್ನು ಈ ತುದಿಯಿಂದ ಆ ತುದಿಗೆ ನೋಡಿದರು. ಹಿರಿಯರಿಗೆ ನಮಸ್ಕಾರವನ್ನೂ ಮಾಡಲಿಲ್ಲ. ಅಮ್ಮಿಯ ಎದುರು ತಾವೂ ನೆಲದ ಮೇಲೆ ಕೂತರು.

“ಅವತ್ತು ಪರೀಕ್ಷೆ ಅರ್ಧಕ್ಕ ನಿಂತಿತ್ತಮ್ಮಾ. ನೀವು ಕೇಳಿದ ಪ್ರಶ್ನಿಗೆ ಉತ್ತರ ಸಿಕ್ತೇನು? ನಿಮ್ಮ ರೊಕ್ಕ ಎಲ್ಲಿ ಐತಿ?”

ಅಮ್ಮಿ ಸೆರಗು ಸರಿಮಾಡಿಕೊಂಡಳು. “ಪೆಟ್ಟಿಗ್ಯಾಗ ಇಲ್ರಿ. ಮಂದಿ ಕೈಯಾಗ ಐತಿ. ನಾವು ಕುಂತ್ರ ಅದೂ ಕುಂದರತೈತಿ, ನಾವು ಎದ್ದು ಓಡಿದ್ರ ಅದೂ ಓಡತೈತಿ.” ಆಮೇಲೆ ಬಾಗಿಲ ಕಡೆ ಒಮ್ಮೆ ನೋಡಿ, “ಆದ್ರ ಲೆಕ್ಕ ತೋರಸಂಗಿಲ್ಲ ಅನ್ನೋರ ಮುಂದ ಕುಂದ್ರಬಾರದ್ರಿ” ಎಂದಳು.

“ಪೂರ್ತಿ ಮಾರ್ಕು” ಎಂದರು ಮೇಡಂ, ನನ್ನ ಕಡೆ ತಿರುಗದೆಯೇ.

ಅವರು ಕ್ಷಮಾಪಣೆ ಬರೆದುಕೊಡಲಿಲ್ಲ. ಅವರಿಗೆ ಬರಬೇಕಿದ್ದ ಬಡ್ತಿ ಬರಲೂ ಇಲ್ಲ. ಮಣಿಕಟ್ಟು ಕೊನೆಯವರೆಗೂ ಸ್ವಲ್ಪ ಓರೆಯಾಗಿಯೇ ಉಳಿಯಿತು. ಮನಿ ಪರೀಕ್ಷೆಯನ್ನು ಮಾತ್ರ ನಿವೃತ್ತಿಯಾಗುವವರೆಗೂ ಬಿಡಲಿಲ್ಲ.

ಆ ಫ್ಲೆಕ್ಸಿನ ಸಾಲು ಬರೆಸಿದ ಆಡಳಿತ ಮಂಡಳಿಯವರು ವಿಚಾರಣೆಯ ಆ ದಿನ ಬಾಗಿಲ ಒಳಗೇ ನಿಂತಿದ್ದರು. ಊಟದ ಹೊತ್ತಾಗಿತ್ತು, ಅವರು ಹೊರಗೆ ಬರಬೇಕಿತ್ತು. ಕೂತ ಪಂಕ್ತಿಯನ್ನು ದಾಟಬಾರದು ಎಂಬುದು ನಮ್ಮ ಕಡೆ ಎಂಥವರಿಗೂ ಗೊತ್ತು. ಒಬ್ಬರು ಒಂದು ಕಾಲು ಎತ್ತಿದರು. ಅಮ್ಮಿ ತಲೆ ಎತ್ತಿ ಅವರ ಮುಖ ನೋಡಿದಳು. ಅವರು ಆ ಕಾಲನ್ನು ಹಿಂದಕ್ಕೆ ಇಟ್ಟರು. ಮೇಡಂ ನಿಧಾನವಾಗಿ ಮುಂದಿನವರ ಕಡೆ ತಿರುಗಿ, “ಈಗ ನೀವು ಹೇಳ್ರಿ ಈರಮ್ಮಾ, ಅಪಾಯ ಎಲ್ಲಿ ಕುಂತೈತಿ?” ಎಂದರು.